ನೀರೊಳಗೆ ಸಿಡಿಯುವ ತಂತಿ, ನೀರಲ್ಲೇ ಉಳಿಯುವ ಪುಡಿ

ಲೋಹದ ತೆಳು ತಂತಿಯೊಂದನ್ನು ದ್ರವದಲ್ಲಿ ಮುಳುಗಿಸಿ, ಅದರೊಳಗೆ ಭಾರಿ ವಿದ್ಯುತ್ತನ್ನು ಒಮ್ಮೆಲೇ ಹರಿಸಿದರೆ ತಂತಿ ಸಿಡಿದು ಆವಿಯಾಗುತ್ತದೆ. ಆ ಆವಿ ದ್ರವದಲ್ಲೇ ತಣಿದು ಅತಿ ಸಣ್ಣ ಕಣಗಳಾಗುತ್ತದೆ. ಲೋಹದ ನ್ಯಾನೊ ಪುಡಿ ತಯಾರಿಸುವ ಸರಳ ದಾರಿಗಳಲ್ಲಿ ಇದೊಂದು. ಕಣಗಳಲ್ಲಿ ಹೆಚ್ಚಿನವು 100 ನ್ಯಾನೊಮೀಟರಿಗಿಂತ ಚಿಕ್ಕವು; ಹತ್ತು ಲಕ್ಷ ನ್ಯಾನೊಮೀಟರ್ ಸೇರಿದರೆ ಒಂದು ಮಿಲಿಮೀಟರ್. ಒಂದು ಘನ ಸೆಂಟಿಮೀಟರ್ ಲೋಹವನ್ನು 10 ನ್ಯಾನೊಮೀಟರ್ ಬದಿಯ ಘನಗಳಾಗಿ ಒಡೆದರೆ, 6 ಚದರ ಸೆಂಟಿಮೀಟರ್ ಇದ್ದ ಮೇಲ್ಮೈ 600 ಚದರ ಮೀಟರ್ ಆಗುತ್ತದೆ. ರಾಸಾಯನಿಕ ಕ್ರಿಯೆ ನಡೆಯುವುದು ಮೇಲ್ಮೈಯಲ್ಲಿ. ಈ ಪುಡಿಗೆ ಇಷ್ಟು ಬೇಡಿಕೆ ಬಂದಿರುವುದೂ ಅದರಿಂದಲೇ.

ತಂತಿ ಸಿಡಿಸುವ ಪ್ರಯೋಗ ಹೊಸದಲ್ಲ. ಲೇಡನ್ ಜಾಡಿಗಳಲ್ಲಿ ಕೂಡಿಟ್ಟ ವಿದ್ಯುತ್ತಿನಿಂದ ಚಿನ್ನದ ತಂತಿಯನ್ನು ಸಿಡಿಸಿ, ಗಾಜಿನ ಮೇಲೆ ಕೂತ ಕಣಗಳ ಬಣ್ಣವನ್ನು ಮೈಕೆಲ್ ಫ್ಯಾರಡೆ ಪರೀಕ್ಷಿಸಿದ್ದರು. ಆ ಅಧ್ಯಯನ 1857ರಲ್ಲಿ ಪ್ರಕಟವಾಯಿತು.

ಇಂದು ಜಾಡಿಗಳ ಜಾಗದಲ್ಲಿ ಕೆಪಾಸಿಟರ್‌ಗಳಿವೆ. 10 ಮೈಕ್ರೊಫ್ಯಾರಡ್ ಕೆಪಾಸಿಟರನ್ನು 10 ಸಾವಿರ ವೋಲ್ಟಿಗೆ ಏರಿಸಿದರೆ ಅದರಲ್ಲಿ 500 ಜೂಲ್ ಶಕ್ತಿ ಕೂಡುತ್ತದೆ. 100 ವಾಟ್ ಬಲ್ಬನ್ನು ಐದು ಸೆಕೆಂಡ್ ಉರಿಸಲು ಸಾಕಾಗುವಷ್ಟು, ಅಷ್ಟೇ. ಆದರೆ ಅದೇ ಶಕ್ತಿ ಐದು ಮೈಕ್ರೊಸೆಕೆಂಡಿನಲ್ಲಿ ಖಾಲಿಯಾದರೆ ಆ ಕ್ಷಣದ ಸಾಮರ್ಥ್ಯ 100 ಮೆಗಾವಾಟ್. ಈ ವಿಧಾನದ ಗುಟ್ಟಿರುವುದು ಶಕ್ತಿಯ ಪ್ರಮಾಣಕ್ಕಿಂತ ಈ ವೇಗದಲ್ಲಿ. 0.2 ಮಿಲಿಮೀಟರ್ ದಪ್ಪದ, 5 ಸೆಂಟಿಮೀಟರ್ ಉದ್ದದ ತಾಮ್ರದ ತಂತಿ ಪೂರ್ತಿ ಆವಿಯಾಗಲು ಸುಮಾರು 75 ಜೂಲ್ ಸಾಕು. ನಿಧಾನವಾಗಿ ಕಾದರೆ ತಂತಿ ಕರಗಿ ತುಂಡಾಗಿ ಬೀಳುತ್ತದೆ. ಇಲ್ಲಿ ಕರಗಿದ ಲೋಹಕ್ಕೆ ಜಾರಿ ಬೀಳಲೂ ಪುರುಸೊತ್ತಿಲ್ಲ. ಆವಿಯಾಗಲು ಬೇಕಾದುದಕ್ಕಿಂತ ಹೆಚ್ಚು ಶಕ್ತಿ ತಂತಿಗೆ ಸೇರಿದಷ್ಟೂ ಕಣಗಳು ಸಣ್ಣವಾಗುತ್ತವೆ. ಕಡಿಮೆಯಾದರೆ ದಪ್ಪ ಹನಿಗಳು ಉಳಿದುಬಿಡುತ್ತವೆ.

ದ್ರವ ಇಲ್ಲಿ ಬರೀ ಪಾತ್ರೆ ತುಂಬಲು ಇರುವುದಲ್ಲ. ಗಾಳಿಯಲ್ಲಾದರೆ ತಂತಿಯ ಹೊರಮೈ ಗುಂಟ ಕಿಡಿ ಹಾರಿ ವಿದ್ಯುತ್ತು ಸುತ್ತುದಾರಿ ಹಿಡಿಯುತ್ತದೆ. ದಟ್ಟವಾದ ದ್ರವ ಅದನ್ನು ತಡೆದು ಹೆಚ್ಚು ಶಕ್ತಿ ತಂತಿಯೊಳಗೇ ಇಳಿಯುವಂತೆ ಮಾಡುತ್ತದೆ, ಹಿಗ್ಗುವ ಆವಿಯನ್ನು ಅದುಮಿ ಹಿಡಿದು ಬೇಗ ತಣಿಸುತ್ತದೆ. ಪುಡಿ ಗಾಳಿಗೆ ಹಾರುವುದೂ ಇಲ್ಲ. ಇದು ಸಣ್ಣ ಅನುಕೂಲವಲ್ಲ: ಒಣಗಿದ ಅಲ್ಯೂಮಿನಿಯಂ ನ್ಯಾನೊ ಪುಡಿ ಗಾಳಿ ಸೋಕಿದರೆ ತಾನಾಗಿ ಹೊತ್ತಿಕೊಳ್ಳಬಲ್ಲದು.

ಯಾವ ಲೋಹಕ್ಕೆ ಯಾವ ದ್ರವ ಎಂಬುದೂ ಮುಖ್ಯ. ಶುದ್ಧ ನೀರಿನಲ್ಲಿ ಚಿನ್ನ, ಬೆಳ್ಳಿ, ಪ್ಲಾಟಿನಂ ಬಹುಪಾಲು ಲೋಹವಾಗಿಯೇ ಉಳಿಯುತ್ತವೆ. ತಾಮ್ರದ ಜೊತೆ ಅದರ ಆಕ್ಸೈಡ್ ಬೆರೆಯುತ್ತದೆ. ಅಲ್ಯೂಮಿನಿಯಂ ನೀರಿನೊಂದಿಗೆ ವರ್ತಿಸಿ ಹೈಡ್ರೋಜನ್ ಹೊರಬಿಡುತ್ತದೆ. ಎಥನಾಲ್, ಟಾಲ್ವೀನ್‌ನಂಥ ದ್ರವಗಳು ಆ ತಾಪಕ್ಕೆ ಒಡೆದು ಇಂಗಾಲ ಕೊಡುವುದರಿಂದ ಟೈಟಾನಿಯಂ ತಂತಿ ಗಟ್ಟಿಯಾದ ಕಾರ್ಬೈಡ್ ಆಗಬಲ್ಲದು. ಹುಟ್ಟಿದ ಕಣಗಳು ಒಂದಕ್ಕೊಂದು ಅಂಟಿ ಗುಂಪಾಗದಂತೆ ದ್ರವಕ್ಕೆ ಪಾಲಿಮರನ್ನೋ ಒಲೀಕ್ ಆಮ್ಲವನ್ನೋ ಸೇರಿಸುವುದುಂಟು.

ಹೀಗೆ ದೊರೆತ ಬೆಳ್ಳಿಯ ಕಣಗಳು ಬ್ಯಾಕ್ಟೀರಿಯಾ ತಡೆಯುವ ಲೇಪಗಳಿಗೆ, ತಾಮ್ರದವು ವಿದ್ಯುತ್ ಹರಿಸುವ ಶಾಯಿಗೆ ಒದಗುತ್ತವೆ. ರಾಸಾಯನಿಕ ವಿಧಾನಗಳಲ್ಲಿ ಉಳಿಯುವ ಲವಣದ ಕೊಳೆ ಇಲ್ಲಿಲ್ಲ. ಆದರೆ ತಂತಿಯಾಗಿ ಎಳೆಯಬಲ್ಲ ಲೋಹಗಳಿಗಷ್ಟೇ ಈ ವಿಧಾನ ಸಲ್ಲುತ್ತದೆ. ಪ್ರತಿ ಸಿಡಿತಕ್ಕೂ ಹೊಸ ತುಂಡು ತಂತಿ ಬೇಕು, ಒಮ್ಮೆಗೆ ಸಿಗುವುದು ಕೆಲವೇ ಮಿಲಿಗ್ರಾಂ. ಕಣಗಳ ಗಾತ್ರವೂ ಒಂದೇ ಸಮನಿರದ ಕಾರಣ ದಪ್ಪ ಕಣಗಳನ್ನು ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಬೇರ್ಪಡಿಸಬೇಕಾಗುತ್ತದೆ.