ಎಣ್ಣೆ ಸಲ್ಲುವ ನೋವು, ಎಣ್ಣೆ ಸಲ್ಲದ ನೋವು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಮಳೆಯಾಶ್ರಿತ ಹೊಲಗಳಲ್ಲಿ ಹಗಲೆಲ್ಲ ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕಿತ್ತು, ಶೇಂಗಾ ಬಿಡಿಸಿ, ಸಂಜೆಗೆ ಮೇವಿನ ಹೊರೆ ಹೊತ್ತು ಮನೆಗೆ ಬರುವ ಹೆಣ್ಣುಮಕ್ಕಳ ಮಂಡಿ, ಸೊಂಟಗಳು ನಡುವಯಸ್ಸಿಗೇ ಹಿಡಿದುಕೊಳ್ಳುವುದನ್ನೂ, ಆ ನೋವಿಗೆ ಮನೆಯ ಹಿರಿಯರು ಉಗುರುಬೆಚ್ಚಗಿನ ಔಡಲೆಣ್ಣೆ ತಿಕ್ಕಿ ಲಕ್ಕಿಸೊಪ್ಪಿನ ಶಾಖ ಕೊಡುವುದನ್ನೂ ಈ ಸೀಮೆಯವರು ಬಲ್ಲರು. ಈ ಮನೆಮದ್ದಿನ ಹಿಂದೆ ಶಾಸ್ತ್ರದ ಬಲವೂ ಉಂಟು. ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯೆಯಲ್ಲಿ ಅಭ್ಯಂಗವನ್ನು ನಿತ್ಯಕರ್ಮವೆಂದು ವಿಧಿಸಿ, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಹಚ್ಚಬೇಕೆಂದಿದ್ದಾನೆ. ರೂಕ್ಷವೂ ಶೀತವೂ ಆದ ವಾತಕ್ಕೆ ಸ್ನಿಗ್ಧವೂ ಉಷ್ಣವೂ ಆದ ಎಳ್ಳೆಣ್ಣೆಯೇ ಪ್ರತಿಗುಣವೆಂಬುದು ಆಯುರ್ವೇದದ ತರ್ಕ.

ಔಷಧತೈಲವೆಂದರೆ ಎಣ್ಣೆಯಲ್ಲಿ ಬೇರು, ಸೊಪ್ಪು ಅದ್ದಿಟ್ಟದ್ದಲ್ಲ. ನುಣ್ಣಗೆ ಅರೆದ ಮೂಲಿಕೆಯ ಕಲ್ಕ 1 ಪಾಲು, ಎಣ್ಣೆ 4 ಪಾಲು, ಕಷಾಯವೋ ಹಾಲೋ 16 ಪಾಲು, ಇವನ್ನು ಮಂದಾಗ್ನಿಯ ಮೇಲೆ ನೀರಿನಂಶವೆಲ್ಲ ಇಂಗುವವರೆಗೆ ಕಾಯಿಸುವುದು ಸಾಮಾನ್ಯ ವಿಧಿ. ಪಾಕ ತೀರುವ ಹೊತ್ತಿಗೆ ಎಣ್ಣೆಯ ಮೇಲೆ ನೊರೆ ಏಳುತ್ತದೆ. ಕಲ್ಕವನ್ನು ಬೆರಳುಗಳ ನಡುವೆ ಹೊಸೆದರೆ ಬತ್ತಿಯಾಗುತ್ತದೆ. ಅದನ್ನು ಉರಿಗೆ ಹಿಡಿದಾಗ ಚಟಪಟ ಸದ್ದಾಯಿತೆಂದರೆ ನೀರು ಇನ್ನೂ ಉಳಿದಿದೆ, ಅಂಥ ಎಣ್ಣೆ ಬೇಗ ಕೆಡುತ್ತದೆ ಎಂದು ತಿಳಿಯತಕ್ಕದ್ದು. ಶತಾವರಿ, ಅಶ್ವಗಂಧ, ಬಿಲ್ವಾದಿಗಳು ಕೂಡಿದ ಮಹಾನಾರಾಯಣ ತೈಲ ಸಿದ್ಧವಾಗುವುದೂ ಈ ಕ್ರಮದಲ್ಲಿಯೇ.

ದುಡಿದು ಬಿಗಿದ ಸ್ನಾಯು, ಸವೆದು ಮರಗಟ್ಟಿದ ಮಂಡಿ, ಇವಕ್ಕೆ ಬೆಚ್ಚನೆಯ ಎಣ್ಣೆಯೂ ಬಲ್ಲವರ ಕೈಯೂ ನಿಜವಾದ ಉಪಶಮನವನ್ನು ಕೊಡುತ್ತವೆ. ಸವೆದ ಮೃದ್ವಸ್ಥಿಯನ್ನು ಮರಳಿ ಬೆಳೆಸುವ ಶಕ್ತಿ ಮಾತ್ರ ಯಾವ ತೈಲಕ್ಕೂ ಇಲ್ಲ. ಆದರೆ ಕೀಲು ಕೆಂಪಗೆ ಊದಿ, ಮುಟ್ಟಿದರೆ ಸುಡುವಂತಿದ್ದು, ಮೈಯಲ್ಲಿ ಜ್ವರವೂ ಇದ್ದರೆ ಅಲ್ಲಿ ಎಣ್ಣೆ ತಿಕ್ಕಲಾಗದು. ಆಮವಾತವೆಂಬ ಇಂಥ ಬೇನೆಯ ಆರಂಭದಲ್ಲಿ ಪ್ರಾಚೀನ ವೈದ್ಯರು ವಿಧಿಸಿದ್ದು ಬಿಸಿಮರಳಿನ ಗಂಟಿನಿಂದ ಕೊಡುವ ಒಣಶಾಖವನ್ನು. ಎಣ್ಣೆಯನ್ನು ಅಷ್ಟೊಂದು ನಂಬಿದವರೇ ಅದನ್ನು ತಡೆಹಿಡಿಯಬೇಕಾದ ಸಮಯವನ್ನೂ ಗುರುತಿಸಿದ್ದರೆಂಬುದು ನನಗೆ ಅತ್ಯಂತ ಗೌರವಾರ್ಹವಾಗಿ ತೋರುತ್ತದೆ.

ಈ ಸೀಮೆಗೆ ಮತ್ತೊಂದು ಸಂಕಟವಿದೆ. ಕೂಡ್ಲಿಗಿಯ ಕಡೆ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲಿನಲ್ಲಿ ಕಲೆ, ಫ್ಲೋರೈಡ್ ಇನ್ನೂ ಹೆಚ್ಚಿದ್ದಲ್ಲಿ ಬರಬರುತ್ತ ಕುತ್ತಿಗೆ, ಬೆನ್ನು, ಮಂಡಿಗಳಲ್ಲಿ ಬಿಗಿತ, ಕಡೆಗೆ ಬಾಗಲಾರದ ಮೈ. ಇದನ್ನು ವಾತವೆಂದೇ ಬಗೆದು ಎಣ್ಣೆಗೆ ಹಣ ಸುರಿಯುವವರನ್ನು ನೆನೆದರೆ ಮನಸ್ಸು ನೋಯುತ್ತದೆ, ಏಕೆಂದರೆ ಇಲ್ಲಿ ಬದಲಾಗಬೇಕಾದದ್ದು ಕೊಡದ ನೀರು. ಒಂದೇ ಮನೆಯಲ್ಲಿ, ಒಂದೇ ಓಣಿಯಲ್ಲಿ ಹಲವರಿಗೆ ಕೀಲು ಹಿಡಿದಿದ್ದರೆ, ಮಕ್ಕಳ ಹಲ್ಲಿನಲ್ಲಿಯೂ ಕಂದುಗೆರೆ ಕಂಡಿದ್ದರೆ, ರೋಗಿಯನ್ನು ತಾಲ್ಲೂಕು ಆಸ್ಪತ್ರೆಗೋ, ಪಂಡಿತ ತಾರಾನಾಥರ ಹೆಸರು ಹೊತ್ತ ಬಳ್ಳಾರಿಯ ಸರ್ಕಾರಿ ಆಯುರ್ವೇದ ಕಾಲೇಜಿನ ಆಸ್ಪತ್ರೆಗೋ ಕರೆದೊಯ್ಯುವ ದಿನವೇ, ಆ ಮನೆಯವರು ಕುಡಿಯುವ ನೀರನ್ನು ಒಂದು ಸೀಸೆಯಲ್ಲಿ ತುಂಬಿ ಪರೀಕ್ಷೆಗೆ ಕಳುಹಿಸಬೇಕು.