ಹಾವಿನ ಕಡಿತ: ಮಂತ್ರ, ಮದ್ದು ಮತ್ತು ಸಮಯ

ಬೆಳಗಾವಿಯಿಂದ ಸಂಕೇಶ್ವರದ ಕಡೆಗೆ ಹೆದ್ದಾರಿಯಲ್ಲಿ ಸಾಗುವವರಿಗೆ ನಡುದಾರಿಯಲ್ಲಿ ಯಮಕನಮರಡಿ ಎಂಬ ಊರು ಸಿಗುತ್ತದೆ. ಮುಂಗಾರು ಹಿಡಿದ ಮೇಲೆ ಹುಕ್ಕೇರಿ ತಾಲೂಕಿನ ಈ ಭಾಗದಲ್ಲಿ ಕಬ್ಬು, ಸೋಯಾ ಅವರೆ, ಗೋವಿನಜೋಳಗಳ ಹಸಿರು ಕಣ್ಣಿಗೆ ಹಬ್ಬವಾಗಿರುತ್ತದೆ. ಆ ಹಸಿರಿನ ನೆರಳಿನಲ್ಲಿ ಇಲಿಗಳುಂಟು. ಇಲಿಗಳಿರುವಲ್ಲಿ ಅವನ್ನು ತಿಂದು ಬದುಕುವ ಹಾವುಗಳೂ ಉಂಟು. ಈ ಲೆಕ್ಕದಲ್ಲಿ ಹಾವು ಒಕ್ಕಲಿಗನ ಮಿತ್ರನೇ ಸರಿ. ಆದರೆ ರಾತ್ರಿ ವಿದ್ಯುತ್ತು ಬಂದಾಗ ನೀರು ಹಾಯಿಸಲು ಬದುವಿನ ಮೇಲೆ ಬರಿಗಾಲಿನಲ್ಲಿ ನಡೆದುಹೋಗುವವನ ಹೆಜ್ಜೆ ಈ ಮಿತ್ರನ ಮೇಲೆಯೇ ಬಿದ್ದರೆ, ಅದು ತನ್ನ ಪ್ರಾಣರಕ್ಷಣೆಗಾಗಿ ಕಡಿಯದೆ ಬಿಡುವುದಿಲ್ಲ.

ಶ್ರಾವಣದಲ್ಲಿ ನಾಗಪ್ಪನಿಗೆ ಹಾಲೆರೆದು ಪಂಚಮಿ ಹಬ್ಬವನ್ನು ಆಚರಿಸುವ ನಾಡು ನಮ್ಮದು. ಹಾವಿನ ಕಡಿತಗಳು ಹೆಚ್ಚಾಗುವುದೂ ಇದೇ ಮಳೆಗಾಲದಲ್ಲಿ ಎಂಬುದು ಗಮನಿಸತಕ್ಕ ಸಂಗತಿ. ೨೦೦೦ದಿಂದ ೨೦೧೯ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು ೧೨ ಲಕ್ಷ ಜನರು, ಎಂದರೆ ವರ್ಷಕ್ಕೆ ಸರಾಸರಿ ೫೮ ಸಾವಿರ ಜನರು, ಹಾವು ಕಡಿದು ಸತ್ತರೆಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಇವುಗಳಲ್ಲಿ ಅರ್ಧದಷ್ಟು ಸಾವುಗಳು ಜೂನ್‌ನಿಂದ ಸೆಪ್ಟೆಂಬರದವರೆಗಿನ ತಿಂಗಳುಗಳಲ್ಲಿ ಸಂಭವಿಸಿದವು. ಸತ್ತವರಲ್ಲಿ ಬಹುಪಾಲು ಹಳ್ಳಿಗರು. ಅತಿ ವಿಷಕಾರಿ ಹಾವುಗಳಿಗೆ ಹೆಸರಾದ ಆಸ್ಟ್ರೇಲಿಯಾ ಖಂಡದಲ್ಲಿ ಹಾವು ಕಡಿದು ಸಾಯುವವರ ಸಂಖ್ಯೆ ವರ್ಷಕ್ಕೆ ಕೈಬೆರಳುಗಳಲ್ಲಿ ಎಣಿಸುವಷ್ಟು ಮಾತ್ರ. ಅಲ್ಲಿ ಜನವಸತಿ ವಿರಳ, ಬರಿಗಾಲಿನಲ್ಲಿ ದುಡಿಯುವವರೂ ಕಡಿಮೆ ಎಂಬುದು ನಿಜ. ಆದರೂ ವಿಷದ ಬಲವೊಂದೇ ಸಾವಿನ ಕಾರಣವಲ್ಲವೆಂದೂ, ಕಡಿಸಿಕೊಂಡವನು ಎಷ್ಟು ಬೇಗ ಸರಿಯಾದ ಮದ್ದಿನ ಬಳಿಗೆ ತಲುಪುತ್ತಾನೆಂಬುದೂ ದೊಡ್ಡ ಪ್ರಶ್ನೆಯೆಂದೂ ಇದರಿಂದ ತಿಳಿಯುತ್ತದೆ.

ವಿಷವು ಮಾಡುವುದೇನು?

ಹಾವಿನ ವಿಷವು ಒಂದೇ ವಸ್ತುವಲ್ಲ. ಅನೇಕ ಪ್ರೋಟೀನುಗಳ ಮಿಶ್ರಣ. ಬೇಟೆಯನ್ನು ನಿಶ್ಚಲಗೊಳಿಸುವುದೂ ಅದನ್ನು ಅರಗಿಸಲು ನೆರವಾಗುವುದೂ ಅದರ ಕೆಲಸ. ನಮ್ಮ ದೇಶದಲ್ಲಿ ಹೆಚ್ಚು ಸಾವುಗಳಿಗೆ ಕಾರಣವಾಗುವ ಹಾವುಗಳು ನಾಲ್ಕು: ನಾಗರಹಾವು, ಕಟ್ಟುಹಾವು ಅಥವಾ ಕಡಂಬಳ, ಕೊಳಕುಮಂಡಲ ಮತ್ತು ಗರಗಸಮಂಡಲ. ಇವುಗಳಲ್ಲಿ ಮೊದಲಿನ ಎರಡು ಮುಖ್ಯವಾಗಿ ನರಗಳ ಮೇಲೆಯೂ, ಉಳಿದ ಎರಡು ರಕ್ತದ ಮೇಲೆಯೂ ಆಘಾತ ಮಾಡುತ್ತವೆ.

ನಾವು ಕೈಯೆತ್ತಬೇಕೆಂದು ಬಯಸಿದಾಗ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವು ಹೊರಟು ಸ್ನಾಯುವಿನ ಮೇಲಿನ ಗ್ರಾಹಕಗಳನ್ನು ಸೇರುತ್ತದೆ. ಆಗ ಸ್ನಾಯುವು ಸಂಕುಚಿಸುತ್ತದೆ. ಈ ರಾಸಾಯನಿಕವನ್ನು ಬೀಗದಕೈಯೆಂದೂ ಗ್ರಾಹಕವನ್ನು ಬೀಗವೆಂದೂ ಭಾವಿಸೋಣ. ನಾಗರಹಾವಿನ ವಿಷವು ಬೀಗದ ತೂತನ್ನೇ ಮುಚ್ಚಿಬಿಡುತ್ತದೆ. ಕಟ್ಟುಹಾವಿನ ವಿಷವು ಇನ್ನೂ ಘೋರವಾದುದು. ಅದು ಬೀಗದಕೈಯನ್ನು ಕಳುಹಿಸುವ ನರದ ತುದಿಯನ್ನೇ ಹಾಳುಮಾಡುತ್ತದೆ. ಎರಡರಲ್ಲಿಯೂ ಮೊದಲು ಕಣ್ಣಿನ ರೆಪ್ಪೆಗಳು ಜೋಲುತ್ತವೆ, ಮಾತು ತೊದಲುತ್ತದೆ, ಉಗುಳು ನುಂಗುವುದು ಕಷ್ಟವಾಗುತ್ತದೆ; ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ.

ಕಟ್ಟುಹಾವಿನ ವಿಷಯದಲ್ಲಿ ಮತ್ತೊಂದು ಎಚ್ಚರ ಬೇಕು. ಅದು ರಾತ್ರಿ ಸಂಚರಿಸುವ ಹಾವು. ನೆಲದ ಮೇಲೆ ಮಲಗಿದವರನ್ನು ನಿದ್ರೆಯಲ್ಲಿಯೇ ಕಡಿಯುವುದುಂಟು. ಕಡಿದ ಜಾಗದಲ್ಲಿ ನೋವಾಗಲಿ ಬಾವಾಗಲಿ ಹೆಚ್ಚಾಗಿ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದ ಹುಡುಗನ ರೆಪ್ಪೆಗಳು ಜೋಲುತ್ತಿದ್ದರೆ, ಮೈಮೇಲೆ ಗಾಯ ಕಾಣದಿದ್ದರೂ, ಹಾವಿನ ಕಡಿತವನ್ನು ಸಂಶಯಿಸತಕ್ಕದ್ದು.

ಮಂಡಲದ ಹಾವುಗಳ ರೀತಿಯೇ ಬೇರೆ. ಅವುಗಳ ವಿಷವು ರಕ್ತವನ್ನು ಹೆಪ್ಪುಗಟ್ಟಿಸುವ ಅಂಶಗಳನ್ನು ಎಲ್ಲೆಂದರಲ್ಲಿ ಕೆರಳಿಸಿ ಬಲುಬೇಗ ವೆಚ್ಚ ಮಾಡಿಬಿಡುತ್ತದೆ. ಬೊಕ್ಕಸ ಬರಿದಾದ ಮೇಲೆ, ನಿಜವಾಗಿ ಹೆಪ್ಪುಗಟ್ಟಬೇಕಾದಲ್ಲಿ ರಕ್ತವು ಹೆಪ್ಪುಗಟ್ಟುವುದಿಲ್ಲ. ವಸಡಿನಿಂದ, ಮೂತ್ರದಲ್ಲಿ, ಕೆಲವೊಮ್ಮೆ ಮಿದುಳಿನೊಳಗೂ ರಕ್ತ ಸೋರುತ್ತದೆ. ಕೊಳಕುಮಂಡಲದ ವಿಷವು ಮೂತ್ರಪಿಂಡಗಳನ್ನೂ ಕೆಡಿಸಬಲ್ಲದು. ಇದನ್ನು ಕಂಡುಹಿಡಿಯುವ ಪರೀಕ್ಷೆ ಆಶ್ಚರ್ಯವಾಗುವಷ್ಟು ಸರಳವಾದುದು. ರೋಗಿಯ ಎರಡು ಮಿಲಿಲೀಟರಿನಷ್ಟು ರಕ್ತವನ್ನು ಶುಚಿಯಾದ ಒಣ ಗಾಜಿನ ನಳಿಗೆಯಲ್ಲಿ ಹಾಕಿ, ೨೦ ನಿಮಿಷ ಅಲುಗಿಸದೆ ಇಟ್ಟು, ಬಳಿಕ ಓರೆಮಾಡಿ ನೋಡುವುದು. ರಕ್ತವು ಇನ್ನೂ ನೀರಿನಂತೆ ಹರಿದರೆ ವಿಷವು ಕೆಲಸ ಮಾಡುತ್ತಿದೆಯೆಂದು ಅರ್ಥ. ದೊಡ್ಡ ಪ್ರಯೋಗಾಲಯವಿಲ್ಲದ ಸಣ್ಣ ಆಸ್ಪತ್ರೆಯಲ್ಲಿಯೂ ಇದನ್ನು ಮಾಡಬಹುದು.

ಮಂತ್ರವು ಫಲಿಸಿದಂತೆ ಕಾಣುವುದೇಕೆ?

ಹಳ್ಳಿಗಳಲ್ಲಿ ಹಾವು ಕಡಿದವನನ್ನು ಮೊದಲು ಮಂತ್ರ ಹಾಕುವವರ ಬಳಿಗೋ ಬೇರು ಕೊಡುವವರ ಬಳಿಗೋ ಒಯ್ಯುವ ರೂಢಿ ಇನ್ನೂ ಪೂರ್ತಿ ಅಳಿದಿಲ್ಲ. “ನಮ್ಮ ಅಜ್ಜನ ಕಾಲದಿಂದ ಎಷ್ಟೋ ಜನ ಇವರ ಕೈಯಿಂದ ಬದುಕಿದ್ದಾರೆ” ಎಂದು ಹಿರಿಯರು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಬದುಕಿದವರನ್ನು ಅವರು ಕಣ್ಣಾರೆ ಕಂಡಿದ್ದಾರೆ. ಆದರೆ ಬದುಕಿದ್ದು ಯಾವುದರಿಂದ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಯು ವಿಚಾರಿಸಬೇಕು.

ಕೇರೆಹಾವು, ನೀರುಹಾವು, ತೋಳಹಾವು ಮೊದಲಾದ ನಮ್ಮ ಬಹಳಷ್ಟು ಹಾವುಗಳಿಂದ ಮನುಷ್ಯನ ಪ್ರಾಣಕ್ಕೆ ಅಪಾಯವಿಲ್ಲ. ವಿಷದ ಹಾವು ಕೂಡ ಕೆಲವು ಸಲ ವಿಷವನ್ನು ಬಿಡದೆಯೇ ಬರಿದೆ ಕಡಿಯುತ್ತದೆ. ಹತ್ತು ಜನರನ್ನು ಮಂತ್ರ ಹಾಕುವವರ ಬಳಿಗೆ ಒಯ್ದರೆಂದೂ, ಅವರಲ್ಲಿ ಏಳು ಜನರ ಮೈಗೆ ವಿಷವೇ ಏರಿರಲಿಲ್ಲವೆಂದೂ ಇಟ್ಟುಕೊಳ್ಳೋಣ. ಆ ಏಳು ಜನರು ಮಂತ್ರವಿದ್ದರೂ ಬದುಕುವರು, ಇಲ್ಲದಿದ್ದರೂ ಬದುಕುವರು. ಕೀರ್ತಿ ಮಾತ್ರ ಮಂತ್ರಕ್ಕೆ ಸಲ್ಲುತ್ತದೆ. ಸತ್ತ ಮೂವರ ಪಾಲಿಗೆ “ಆಯುಷ್ಯ ಮುಗಿದಿತ್ತು” ಎಂಬ ಮಾತು ಉಳಿಯುತ್ತದೆ. ಮದ್ದಿಲ್ಲದಿದ್ದರೆ ಏನಾಗುತ್ತಿತ್ತೆಂಬುದನ್ನು ಹೋಲಿಸಿ ನೋಡದೆ ಯಾವ ಮದ್ದನ್ನೂ ಹೊಗಳಬಾರದೆಂಬ ನಿಯಮವು ಹುಟ್ಟಿದ್ದು ಇಂತಹ ಭ್ರಮೆಗಳನ್ನು ಕಳೆಯುವುದಕ್ಕಾಗಿಯೇ.

ಮಂತ್ರ ಹಾಕುವವರು ಅನೇಕ ಊರುಗಳಲ್ಲಿ ಹಣಕ್ಕೆ ಆಸೆಪಡದ ಸಜ್ಜನರೇ. ಅವರನ್ನು ಹೀಗಳೆಯುವುದರಿಂದ ಪ್ರಯೋಜನವಿಲ್ಲ. “ಮೊದಲು ಆಸ್ಪತ್ರೆಗೆ ಹೋಗಿ, ನಾನು ಇಲ್ಲಿಂದಲೇ ದೇವರನ್ನು ಬೇಡುತ್ತೇನೆ” ಎಂದು ಅವರು ಒಂದು ಮಾತು ಹೇಳಿದರೆ, ಊರು ಅದನ್ನು ವೈದ್ಯರ ಮಾತಿಗಿಂತ ಹೆಚ್ಚಾಗಿ ಕೇಳೀತು.

ಪ್ರತಿವಿಷದ ಕಥೆ

ಹಾವಿನ ವಿಷಕ್ಕೆ ನಿಶ್ಚಿತವಾದ ಮದ್ದು ಪ್ರತಿವಿಷವೊಂದೇ. ೧೮೯೦ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಮೊದಲಾದವರು ಇದರ ದಾರಿಯನ್ನು ತೋರಿಸಿದರು. ಕುದುರೆಯ ಮೈಗೆ ಸ್ವಲ್ಪಸ್ವಲ್ಪವಾಗಿ ವಿಷವನ್ನು ಚುಚ್ಚಿದರೆ ಅದರ ರಕ್ತದಲ್ಲಿ ವಿಷವನ್ನು ಹಿಡಿದು ನಿಷ್ಫಲಗೊಳಿಸುವ ಪ್ರತಿಕಾಯಗಳು ಹುಟ್ಟುತ್ತವೆ. ಅವನ್ನು ಬೇರ್ಪಡಿಸಿ ಶುದ್ಧಗೊಳಿಸಿದರೆ ಪ್ರತಿವಿಷವಾಯಿತು. ನಾಗರಹಾವಿನ ವಿಷದಿಂದ ಮಾಡಿದ ಮದ್ದು ಮಂಡಲದ ಹಾವಿನ ವಿಷಕ್ಕೆ ನಡೆಯದೆಂಬುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದಲ್ಲಿ ಜಾರ್ಜ್ ಲ್ಯಾಂಬ್ ಮುಂತಾದ ವೈದ್ಯರ ಪ್ರಯೋಗಗಳಿಂದ ಸ್ಪಷ್ಟವಾಯಿತು. ಆದುದರಿಂದಲೇ ಇಂದಿನ ಭಾರತೀಯ ಪ್ರತಿವಿಷವನ್ನು ಮೇಲೆ ಹೇಳಿದ ನಾಲ್ಕೂ ಹಾವುಗಳ ವಿಷವನ್ನು ಬಳಸಿ ತಯಾರಿಸುತ್ತಾರೆ. ಕಡಿದ ಹಾವು ಯಾವುದೆಂದು ಗೊತ್ತಿಲ್ಲದಿದ್ದರೂ ವೈದ್ಯರು ಲಕ್ಷಣಗಳನ್ನು ನೋಡಿ ಇದನ್ನು ಕೊಡಬಲ್ಲರು. ಹಾವನ್ನು ಕೊಂದು ಆಸ್ಪತ್ರೆಗೆ ಒಯ್ಯುವ ಅವಶ್ಯಕತೆಯಿಲ್ಲ.

ಮಗುವಿಗೂ ದೊಡ್ಡವರಿಗೂ ಪ್ರತಿವಿಷದ ಪ್ರಮಾಣ ಒಂದೇ. ಇದು ವಿಚಿತ್ರವೆಂದು ತೋರಬಹುದು; ಆದರೆ ಮದ್ದಿನ ಅಳತೆ ನಿಂತಿರುವುದು ರೋಗಿಯ ತೂಕದ ಮೇಲಲ್ಲ, ಹಾವು ಬಿಟ್ಟ ವಿಷದ ಮೇಲೆ. ಹಾವೇನೂ ಮಗುವೆಂದು ಕನಿಕರಿಸಿ ಕಡಿಮೆ ವಿಷ ಬಿಡುವುದಿಲ್ಲವಷ್ಟೆ!

ಈ ಮದ್ದಿಗೂ ಮಿತಿಗಳುಂಟು. ಅದು ರಕ್ತದಲ್ಲಿ ಇನ್ನೂ ಸುತ್ತುತ್ತಿರುವ ವಿಷವನ್ನು ಹಿಡಿಯಬಲ್ಲದು. ಆಗಲೇ ಹಾಳಾದ ನರದ ತುದಿಯನ್ನಾಗಲಿ ಮೂತ್ರಪಿಂಡವನ್ನಾಗಲಿ ಸರಿಪಡಿಸಲಾರದು. ತಡವಾದಂತೆಲ್ಲ ಅದರ ಶಕ್ತಿ ಕುಂದುವುದು ಈ ಕಾರಣದಿಂದ. ಉಸಿರು ನಿಲ್ಲುವಂತಾದವನಿಗೆ ಕೃತಕ ಉಸಿರಾಟವೂ ಮೂತ್ರಪಿಂಡ ಸೋತವನಿಗೆ ಡಯಾಲಿಸಿಸ್ಸೂ ಬೇಕಾಗುತ್ತವೆ. ಕುದುರೆಯ ಪ್ರೋಟೀನು ಕೆಲವರಿಗೆ ಒಗ್ಗದೆ ರಕ್ತದೊತ್ತಡ ಥಟ್ಟನೆ ಕುಸಿಯಬಹುದು. ಅಡ್ರಿನಲಿನ್ ಚುಚ್ಚುಮದ್ದನ್ನು ಸಿದ್ಧವಾಗಿಟ್ಟುಕೊಂಡ ವೈದ್ಯರು ಮಾತ್ರ ಇದನ್ನು ಕೊಡಬೇಕೆನ್ನುವುದು ಅದಕ್ಕಾಗಿ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತದೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಮತ್ತು ಅವರ ಸಂಗಡಿಗರು ತೋರಿಸಿದ್ದಾರೆ. ಇನ್ನೂ ಉತ್ತಮವಾದ ಪ್ರತಿವಿಷದ ಶೋಧ ನಡೆದಿದೆ.

ಕಡಿದಾಗ ಮಾಡಬೇಕಾದುದು

ಮೊದಲನೆಯದು ಧೈರ್ಯ ಹೇಳುವುದು. ಎರಡನೆಯದು, ಕಡಿದ ಕೈಯನ್ನಾಗಲಿ ಕಾಲನ್ನಾಗಲಿ ಅಲುಗಾಡದಂತೆ ಪಟ್ಟಿಗೆಗೆ ಸಡಿಲವಾಗಿ ಕಟ್ಟಿ ನಿಶ್ಚಲವಾಗಿಡುವುದು. ಸ್ನಾಯುಗಳ ಚಲನೆಯಿಂದ ವಿಷವು ಬೇಗ ಹರಡುತ್ತದೆ. ರೋಗಿಯನ್ನು ಓಡಿಸಬಾರದು, ನಡೆಸಲೂಬಾರದು. ಉಂಗುರ, ಬಳೆ, ಕಾಲುಂಗುರಗಳನ್ನು ಬಾವು ಬರುವ ಮೊದಲೇ ತೆಗೆಯಬೇಕು. ಕಡಿದ ವೇಳೆಯನ್ನು ನೆನಪಿಟ್ಟುಕೊಂಡು ವೈದ್ಯರಿಗೆ ತಿಳಿಸಬೇಕು.

ಹಗ್ಗದಿಂದ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಯಿಂದ ಹೀರುವುದು, ಈ ಮೂರೂ ಕೂಡದು. ಬಿಗಿದ ಕಟ್ಟಿನಿಂದ ರಕ್ತ ಸಂಚಾರ ನಿಂತು ಅಂಗವೇ ಕೊಳೆಯಬಹುದು. ಅದನ್ನು ಥಟ್ಟನೆ ಬಿಚ್ಚಿದಾಗ ತಡೆದಿದ್ದ ವಿಷವು ಒಮ್ಮೆಲೆ ಮೈಗೆ ನುಗ್ಗೀತು. ರಕ್ತವು ಹೆಪ್ಪುಗಟ್ಟದವನ ಗಾಯವನ್ನು ಕೊಯ್ದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

ದಾರಿ ಎಷ್ಟು ದೂರ?

೨೦೦೮ರ ನವೆಂಬರಿನಿಂದ ಕರ್ನಾಟಕದಲ್ಲಿ ೧೦೮ ಸಂಖ್ಯೆಯ ಆಂಬುಲೆನ್ಸ್ ಸೇವೆಯಿದೆ. ಹುಕ್ಕೇರಿ, ಗೋಕಾಕಗಳಲ್ಲಿ ತಾಲೂಕು ಆಸ್ಪತ್ರೆಗಳೂ, ಬೆಳಗಾವಿಯಲ್ಲಿ ಜಿಲ್ಲಾ ಆಸ್ಪತ್ರೆಯೂ ಇವೆ. ಡಾ. ನಾ. ಸು. ಹರ್ಡೀಕರರ ಹೆಸರಿನೊಡನೆ ಬೆಸೆದುಕೊಂಡಿರುವ ಘಟಪ್ರಭೆಯ ಆರೋಗ್ಯಧಾಮವು, ಹಳ್ಳಿಗರ ಸಮೀಪಕ್ಕೇ ವೈದ್ಯವನ್ನು ತರಬೇಕೆಂಬ ಹಂಬಲ ಈ ನೆಲದಲ್ಲಿ ಹಳೆಯದೆಂಬುದಕ್ಕೆ ಸಾಕ್ಷಿಯಾಗಿದೆ. ೨೦೨೪ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ವ್ಯಾಧಿಯೆಂದು ಘೋಷಿಸಿತು. ಎಲ್ಲಿ ಎಷ್ಟು ಕಡಿತಗಳಾಗುತ್ತವೆಂಬ ಲೆಕ್ಕ ಸಿಕ್ಕರೆ ತಾನೆ ಅಲ್ಲಿಗೆ ಅಷ್ಟು ಮದ್ದನ್ನು ಕಳುಹಿಸಲು ಸಾಧ್ಯ? ಮರುತಿಂಗಳೇ ಹೊರಬಂದ ರಾಷ್ಟ್ರೀಯ ಯೋಜನೆಯು ೨೦೩೦ರ ಹೊತ್ತಿಗೆ ಇಂತಹ ಸಾವುಗಳನ್ನು ಅರ್ಧಕ್ಕೆ ಇಳಿಸುವ ಗುರಿಯಿಟ್ಟುಕೊಂಡಿದೆ.

ಆದರೆ ಮದ್ದು ಆಸ್ಪತ್ರೆಯಲ್ಲಿದ್ದು ರೋಗಿಯು ಕಟ್ಟೆಯ ಮೇಲಿದ್ದರೆ ಫಲವೇನು? ಕಡಿದ ಗಳಿಗೆಯಿಂದ “ಆಸ್ಪತ್ರೆಗೆ ನಡೆಯಿರಿ” ಎಂದು ಯಾರಾದರೂ ಹೇಳುವ ಗಳಿಗೆಯವರೆಗಿನ ಹೊತ್ತು ಎಷ್ಟೋ ಸಲ ಊರಿನಿಂದ ಆಸ್ಪತ್ರೆಯವರೆಗಿನ ಹಾದಿಗಿಂತ ದೀರ್ಘವಾಗಿರುತ್ತದೆ. ಹೆದ್ದಾರಿಯನ್ನು ಸರಕಾರ ಮಾಡಿಸೀತು. ಈ ಮೊದಲಿನ ದಾರಿಯನ್ನು ಮಾತ್ರ ಮನೆಯವರೇ ಸವೆಸಬೇಕು.

ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ ಅನೇಕರು ಒಕ್ಕಲುತನದ ಮನೆಗಳವರು. ರಾತ್ರಿ ಹೊಲಕ್ಕೆ ಹೊರಟ ತಂದೆಯ ಕೈಗೆ ಬ್ಯಾಟರಿಯನ್ನೂ ಕಾಲಿಗೆ ಬೂಟನ್ನೂ ಕೊಡುವುದು, ನೆಲದ ಮೇಲೆ ಮಲಗುವ ತಮ್ಮತಂಗಿಯರಿಗೆ ಮಂಚವನ್ನೋ, ಹಾಸಿಗೆಯ ಅಡಿಗೆ ಅಂಚು ಸಿಕ್ಕಿಸಿದ ಸೊಳ್ಳೆಪರದೆಯನ್ನೋ ಒದಗಿಸುವುದು, ಸೌದೆಯ ಒಟ್ಟಿಲನ್ನು ಮನೆಯ ಗೋಡೆಯಿಂದ ದೂರವಿಡುವುದು ನಿಮ್ಮಿಂದಲೇ ಆಗಬಹುದಾದ ಕೆಲಸಗಳು. ಎಂದಾದರೂ ಕೆಟ್ಟ ಗಳಿಗೆ ಬಂದು ಹತ್ತು ಜನರು ಹತ್ತು ಮಾತುಗಳನ್ನಾಡುತ್ತಿರುವಾಗ, ೧೦೮ಕ್ಕೆ ಕರೆ ಮಾಡುವ ಹನ್ನೊಂದನೆಯವರು ನೀವಾಗಿರಿ.