ಹಳೆ ಪಿಕಪ್ ಎಷ್ಟು ಎಳೆದೀತು?

ಮಾವಿನ ಸುಗ್ಗಿ ಬಂತೆಂದರೆ ಚನ್ನಪಟ್ಟಣದ ಎಪಿಎಂಸಿ ಕಡೆಗೆ ಹಳೆಯ ಡೀಸೆಲ್ ಪಿಕಪ್‌ಗಳ ಸಾಲು ಹೊರಡುತ್ತದೆ. ಬಾದಾಮಿ ತುಂಬಿದ ಕ್ರೇಟುಗಳನ್ನು ಕ್ಯಾಬಿನ್ನಿಗಿಂತ ಎತ್ತರಕ್ಕೆ ಪೇರಿಸಿ ಹಗ್ಗ ಬಿಗಿದಿರುತ್ತಾರೆ. "ಹದಿನೈದು ವರ್ಷದ ಗಾಡಿ, ಇನ್ನೂ ಎರಡು ಟನ್ ಎಳೆಯುತ್ತೆ" ಎಂದು ಯಾರಾದರೂ ಹೇಳಿದರೆ ನಂಬಬಹುದು. ಎಂಜಿನ್ನಿನ ಮಟ್ಟಿಗೆ ಅದು ನಿಜವೇ.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನ ಗಾಳಿಯನ್ನು ಹದಿನೆಂಟರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಅದರೊಳಕ್ಕೆ ಚಿಮ್ಮಿದ ಡೀಸೆಲ್ ತಾನಾಗಿ ಹತ್ತಿಕೊಳ್ಳುತ್ತದೆ. ಪಿಸ್ಟನ್ನಿನ ಮೇಲೆ ಬೀಳುವ ಒತ್ತಡ ಹೆಚ್ಚು. ಅದಕ್ಕೇ ಎಂಜಿನ್ ನಿಧಾನವಾಗಿ ತಿರುಗುವಾಗಲೂ ಒಳ್ಳೆಯ ಟಾರ್ಕ್ ಸಿಗುತ್ತದೆ. ಬೊಲೆರೊ ಪಿಕಪ್‌ನ 2523 ಸಿಸಿ ಎಂಜಿನ್ ಸುಮಾರು 200 ನ್ಯೂಟನ್-ಮೀಟರ್ ಕೊಡುತ್ತದೆ. ಮೊದಲ ಗೇರೂ ಹಿಂದಿನ ಡಿಫರೆನ್ಷಿಯಲ್ಲೂ ಸೇರಿ ಅದನ್ನು ಇಪ್ಪತ್ತು ಪಟ್ಟು ಹಿಗ್ಗಿಸುತ್ತವೆ ಎಂದುಕೊಂಡರೆ, ಚಕ್ರದ ಅಂಚಿನಲ್ಲಿ ಹತ್ತಿರ ಹತ್ತಿರ 1,000 ಕೆಜಿ ತೂಕವನ್ನು ಎತ್ತುವಷ್ಟು ಬಲ. ಲೋಡು ಸೇರಿ 3 ಟನ್ ತೂಗುವ ಗಾಡಿ ಹತ್ತಡಿಗೆ ಒಂದಡಿ ಏರುವ ದಾರಿ ಹತ್ತಲು ಇದರ ಅರ್ಧವೂ ಬೇಡ.

ಹಾಗಾದರೆ ಮಳೆ ಬಿದ್ದ ತೋಟದಲ್ಲಿ ಅದೇ ಗಾಡಿ ಒಂದು ಟ್ರೈಲರನ್ನು ಎಳೆಯಲಾರದೆ ಚಕ್ರ ತಿರುಗಿಸುತ್ತ ನಿಲ್ಲುವುದೇಕೆ? ನೆಲದ ಹಿಡಿತ ಸಾಲದೆ. ಖಾಲಿ ಪಿಕಪ್‌ನ ಹಿಂದಿನ ಚಕ್ರಗಳ ಮೇಲೆ ಇರುವುದು ಆರೇಳು ಕ್ವಿಂಟಾಲ್ ತೂಕ. ಒಣ ಟಾರಿನ ಮೇಲೆ ಅದರ ಮುಕ್ಕಾಲು ಪಾಲಿನಷ್ಟು ಎಳೆತ ಸಿಕ್ಕೀತು, ಕೆಸರಿನಲ್ಲಿ ಮೂರನೇ ಒಂದು ಪಾಲೂ ಕಷ್ಟ. ಟ್ರ್ಯಾಕ್ಟರಿನ ಭಾರ ಬಹುಪಾಲು ದೊಡ್ಡ ಹಿಂಚಕ್ರಗಳ ಮೇಲೇ ಕೂತಿರುವುದು ಇದೇ ಕಾರಣಕ್ಕೆ.

ನನ್ನ ಭಯವಿರುವುದು ಇಳಿಜಾರಿನಲ್ಲಿ. 3 ಟನ್ ಭಾರ ನೂರು ಮೀಟರ್ ಎತ್ತರದಿಂದ ಇಳಿದರೆ ಒಂಬತ್ತು ಲೀಟರ್ ತಣ್ಣೀರನ್ನು ಕುದಿಯುವ ಹದಕ್ಕೆ ತರುವಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಗೇರ್ ಇಳಿಸದಿದ್ದರೆ ಅದರ ಹೆಚ್ಚಿನ ಪಾಲು ಶಾಖವಾಗಿ ಸೇರುವುದು ಬ್ರೇಕಿಗೆ. ಕಾದ ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಲೈನರಿನ ಹಿಡಿತವೂ ಕುಸಿಯುತ್ತದೆ. ವರ್ಷಗಟ್ಟಲೆ ಬದಲಿಸದ ಬ್ರೇಕ್ ಆಯಿಲ್ ತೇವ ಹೀರಿಕೊಂಡಿರುತ್ತದೆ. ಆ ನೀರು ಕುದಿದು ಆವಿಯಾದರೆ ಪೆಡಲ್ ಒತ್ತಿದಷ್ಟೂ ಒಳಕ್ಕೆ ಹೋಗುತ್ತದೆ. ವೇಗದ ಲೆಕ್ಕ ಇನ್ನೂ ಕಠಿಣ: ಗಂಟೆಗೆ 60ರ ಬದಲು 80 ಕಿಮೀ ಓಟದಿಂದ ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಕ್ತಿ ಸುಮಾರು 1.8 ಪಟ್ಟು. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಟ್ರ್ಯಾಕ್ಟರಿಗೆ ಪ್ರವೇಶವಿಲ್ಲ. ಪಿಕಪ್‌ಗೆ ಉಂಟು, ಅದೂ ಕಾರುಗಳ ವೇಗದ ನಡುವೆ.

ಹಿಂದಿನ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸಿ ಲೋಡು ಏರಿಸುವ ರೂಢಿಯನ್ನು ನಾನು ಒಪ್ಪಲಾರೆ. ಪಟ್ಟಿ ಹಾಕಿಸಿದ ಮೇಲೆ ಗಾಡಿ ಹಿಂದಕ್ಕೆ ಕುಸಿಯುವುದಿಲ್ಲ, ಅಷ್ಟೇ. ಡ್ರಮ್ಮು, ಆಕ್ಸೆಲ್ಲು, ಟೈರು ಎಲ್ಲ ಹಳೆಯವೇ. ಭಾರ ಹೆಚ್ಚಾಯಿತೆಂದು ಕಣ್ಣಿಗೆ ಕಾಣುತ್ತಿದ್ದ ಒಂದು ಗುರುತೂ ಮಾಯವಾಗುತ್ತದೆ.

ಗಾಡಿಯ ಮಿತಿ ತಿಳಿಯಲು ಆರ್‌ಸಿ ತೆಗೆದು ನೋಡಿದರೆ ಸಾಕು. ಅದರಲ್ಲಿರುವ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆದು, ಡ್ರೈವರ್ ಮತ್ತು ಜೊತೆಗೆ ಕೂರುವವರ ತೂಕವನ್ನೂ ಕಳೆದು, ಉಳಿದದ್ದನ್ನು ಒಂದು ತುಂಬಿದ ಕ್ರೇಟಿನ ತೂಕದಿಂದ ಭಾಗಿಸಿದರೆ ಎಷ್ಟು ಕ್ರೇಟು ಹೇರಬಹುದೆಂಬುದು ತೋಟದಲ್ಲೇ ಗೊತ್ತಾಗುತ್ತದೆ.